ಅಂಟಿಸಿಟ್ಟ ಕಾಗದ

1864ರ ನವೆಂಬರ್ 11. ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಶುರುವಾದ ಅಮೆರಿಕದ ಅಂತರ್ಯುದ್ಧದ ನಡುವೆ ಚುನಾವಣೆ ಗೆದ್ದು ಮೂರೇ ದಿನ. ಸಂಪುಟ ಸಭೆಯಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಮೇಜಿನೊಳಗಿಂದ ಒಂದು ಮಡಚಿದ ಕಾಗದ ತೆಗೆದು, ಹರಿಯದಂತೆ ಬಿಡಿಸಿಕೊಡಿ ಎಂದು ಕಾರ್ಯದರ್ಶಿ ಜಾನ್ ಹೇ ಕೈಗೆ ಕೊಟ್ಟರು. ಅದನ್ನು ಅಂಟಿಸಿದ್ದ ರೀತಿಯೇ ವಿಚಿತ್ರ, ಕತ್ತರಿಸದೆ ಬಿಚ್ಚಿಕೊಳ್ಳಲಿಲ್ಲ. ಬೆನ್ನ ಮೇಲೆ ಏಳು ಮಂತ್ರಿಗಳ ಸಹಿ. ಆಗಸ್ಟ್ 23ರಂದು, ಒಳಗೇನಿದೆ ಎಂದು ನೋಡದೆಯೇ ಹಾಕಿಕೊಟ್ಟಿದ್ದ ಸಹಿ! ಹೇ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದರಿಂದ ಆ ಕೋಣೆಯ ಮಾತು ನಮಗೆ ದಕ್ಕಿದೆ.

ಒಳಗೆ ಇದ್ದದ್ದು ಕೆಲವೇ ಸಾಲು. ಈ ಸರಕಾರ ಸೋಲುವ ಸಂಭವವೇ ಹೆಚ್ಚು. ಸೋತರೆ, ಗೆದ್ದವರ ಜತೆ ಕೈಜೋಡಿಸಿ, ಮಾರ್ಚ್‌ನಲ್ಲಿ ಅವರು ಅಧಿಕಾರ ವಹಿಸಿಕೊಳ್ಳುವ ಮುಂಚೆಯೇ ಒಕ್ಕೂಟವನ್ನು ಉಳಿಸಿಕೊಳ್ಳಬೇಕು. ಯಾವ ಮಾತು ಕೊಟ್ಟು ಅವರು ಗೆಲ್ಲುತ್ತಾರೋ ಆ ಮಾತೇ ಆಮೇಲೆ ಅವರ ಕೈ ಕಟ್ಟುತ್ತದೆ. ನಡೆಯದೇ ಹೋದ ಒಂದು ಚರಿತ್ರೆಯನ್ನು ಲಿಂಕನ್, ಎದುರಾಳಿ ಯಾರೆಂದು ತೀರ್ಮಾನವಾಗುವ ಮೊದಲೇ ಬರೆದಿಟ್ಟಿದ್ದರು.

ಆ ಸಹಿಗಳು ಬಿದ್ದ ಆರು ದಿನಗಳ ನಂತರ ಶಿಕಾಗೋದಲ್ಲಿ ಎದುರು ಪಕ್ಷವಾದ ಡೆಮಾಕ್ರಟಿಕ್ ಸಮಾವೇಶ ಶುರುವಾಯಿತು. ಯುದ್ಧ ಗೆದ್ದೇ ದೇಶ ಒಂದುಗೂಡಲಿ ಎನ್ನುವವರು ಒಂದು ಕಡೆ, ಮೊದಲು ಬಂದೂಕು ಕೆಳಗಿಡೋಣ ಎನ್ನುವವರು ಇನ್ನೊಂದು ಕಡೆ. ಇಬ್ಬರನ್ನೂ ಸಮಾಧಾನಪಡಿಸಲು ಹೋಗಿ, ಯುದ್ಧ ಬಣಕ್ಕೆ ಒಪ್ಪುವ ಸೇನಾನಿ ಮೆಕ್‌ಕ್ಲೆಲನ್‌ರನ್ನು ಅಭ್ಯರ್ಥಿ ಮಾಡಿದರು. ಪ್ರಣಾಳಿಕೆ ಶಾಂತಿ ಬಣದ ವಲಾಂಡಿಗ್‌ಹ್ಯಾಮ್ ಕೈಗೆ ಹೋಯಿತು. ಯುದ್ಧ ವಿಫಲವಾಗಿದೆ ಎಂದಿತು ಪ್ರಣಾಳಿಕೆ. ಸೆಪ್ಟೆಂಬರ್ 8ರ ಪತ್ರದಲ್ಲಿ ಅಭ್ಯರ್ಥಿಯೇ ಅದರಿಂದ ದೂರ ಸರಿದರು. ಅಷ್ಟರಲ್ಲಿ, 2ನೇ ತಾರೀಖಿನಂದು, ದಕ್ಷಿಣದ ಅಟ್ಲಾಂಟಾ ನಗರ ಲಿಂಕನ್ ಕಡೆಯ ಸೇನಾನಿ ಶರ್ಮನ್ ಸೇನೆಯ ವಶವಾಗಿತ್ತು, ಮತದಾರರ ಮನಸ್ಸು ತಿರುಗಿತ್ತು. ನವೆಂಬರ್‌ನಲ್ಲಿ ಲಿಂಕನ್‌ಗೆ 212 ಎಲೆಕ್ಟೋರಲ್ ಮತ, ಮೆಕ್‌ಕ್ಲೆಲನ್‌ಗೆ 21.

ಅಟ್ಲಾಂಟಾ ಬೀಳದಿದ್ದರೆ? ಪಕ್ಷದ ಒಡಕು ಮೆಕ್‌ಕ್ಲೆಲನ್ ಬೆನ್ನಿಗೇ ಶ್ವೇತಭವನ ಹೊಗುತ್ತಿತ್ತು ಎಂದೇ ನನಗನ್ನಿಸುತ್ತದೆ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಪೆಂಡಲ್ಟನ್ ಶಾಂತಿ ಬಣದವರೇ. ಆದರೆ ನನ್ನ ಎದೆ ನಡುಗುವುದು ಬೇರೆ ಕಾರಣಕ್ಕೆ. ಮೆಕ್‌ಕ್ಲೆಲನ್ ಕೇಳಿದ್ದು ಒಕ್ಕೂಟವನ್ನು ಮಾತ್ರ, ಗುಲಾಮರ ಬಿಡುಗಡೆಯನ್ನಲ್ಲ. ಗುಲಾಮಗಿರಿಯನ್ನು ಕಿತ್ತೊಗೆಯುವ ತಿದ್ದುಪಡಿ ಆ ಜೂನ್‌ನಲ್ಲಷ್ಟೇ ಕೆಳಮನೆಯಲ್ಲಿ ಬಿದ್ದುಹೋಗಿತ್ತು. 1865ರ ಜನವರಿ 31ರಂದು ಅದು ಪಾಸಾದದ್ದು ಲಿಂಕನ್ ಗೆಲುವಿನ ಬಲದಿಂದ.

ನವೆಂಬರ್ 11ರ ಆ ಸಭೆಯಲ್ಲಿ ಕಾಗದ ಓದಿ ಮುಗಿಸಿದ ಲಿಂಕನ್, ಸೋತಿದ್ದರೆ ಮೆಕ್‌ಕ್ಲೆಲನ್‌ರನ್ನೇ ಕರೆಸಿ, ಉಳಿದ ದಿನಗಳಲ್ಲಿ ಇಬ್ಬರೂ ಸೇರಿ ಸೈನ್ಯ ಕೂಡಿಸೋಣ ಎನ್ನುತ್ತಿದ್ದೆ ಎಂದರು. ಆತ ಇವತ್ತೂ ಹೂಂ, ನಾಳೆಯೂ ಹೂಂ ಎನ್ನುತ್ತಾ ಏನೂ ಮಾಡುತ್ತಿರಲಿಲ್ಲ ಎಂದರು ವಿದೇಶಾಂಗ ಮಂತ್ರಿ ಸೀವರ್ಡ್. ನನ್ನ ಕರ್ತವ್ಯವನ್ನಾದರೂ ಮಾಡಿರುತ್ತಿದ್ದೆ, ನನ್ನ ಆತ್ಮಸಾಕ್ಷಿಯ ಮುಂದೆ ತಲೆಯೆತ್ತಿ ನಿಲ್ಲುತ್ತಿದ್ದೆ ಎಂದರು ಲಿಂಕನ್.