ಲ್ಯಾಬ್ ಓದಿಗೆ ಸಾಲ: ನಾವು ಹಾಕಿದ ಲೆಕ್ಕ

ಚಳ್ಳಕೆರೆ ಸೀಮೆಯಲ್ಲಿ ನಮ್ಮದು ಐದೆಕರೆ ಶೇಂಗಾ ಹೊಲ, ಮಳೆಯನ್ನೇ ನಂಬಿದ್ದು. ಪಿಯುಸಿ ಸೈನ್ಸ್ ಮುಗಿಸಿದ ಮಗಳು ಬಿ.ಎಸ್ಸಿ. ಎಂ.ಎಲ್.ಟಿ. ಓದ್ತೀನಿ ಅಂದಳು. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡೋ ಓದು. ತರಬೇತಿ ಸೇರಿ ನಾಲ್ಕು ವರ್ಷ. ಫೀಸು, ಹಾಸ್ಟೆಲು ವರ್ಷಕ್ಕೆ 1 ಲಕ್ಷ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಜಮೀನು ಅಡವು ಕೇಳಲ್ಲ. ತಂದೆ-ತಾಯಿ ಸಹಿ ಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಆದರೆ ಬಡ್ಡಿ ಸುಮ್ಮನಿರಲ್ಲ. ನೂರಕ್ಕೆ 10ರಂತೆ ಹಿಡಿದರೆ ಅಷ್ಟರಲ್ಲಿ 1.40 ಲಕ್ಷ ಬಡ್ಡಿ ಸೇರಿ ಸಾಲ 5.40 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,140 ರೂ.

ನಮ್ಮ ಪೇಟೆಯ ಖಾಸಗಿ ಲ್ಯಾಬುಗಳಲ್ಲಿ ವಿಚಾರಿಸಿದೆ. ಹೊಸಬರಿಗೆ 15,000. ರೂಮು, ಊಟಕ್ಕೆ 7,000 ಹೋದರೆ ಉಳಿಯೋದು 8,000. ಕಂತು ಕಟ್ಟಿದ ಮೇಲೆ ಕೈಯಲ್ಲಿ 860!

ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಕಂತು 5,290ಕ್ಕೆ ಇಳಿಯುತ್ತೆ. ಬಡ್ಡಿ ಮೊದಲ ವರ್ಷ ತಿಂಗಳಿಗೆ 835, ನಾಲ್ಕನೇ ವರ್ಷದಿಂದ 3,335. ಅಷ್ಟನ್ನು ಡೇರಿಗೆ ಹಾಕೋ ಹಾಲಿನ ದುಡ್ಡಲ್ಲಿ ಕಟ್ಟೋದು ಅಂತ ತೀರ್ಮಾನ ಮಾಡಿ ಸಹಿ ಹಾಕಿದೆವು, ಶೇಂಗಾ ನಂಬಿ ಅಲ್ಲ.

ಡಿಪ್ಲೊಮಾ ಆದರೆ ವರ್ಷವೂ ಕಡಿಮೆ, ಸಾಲವೂ ಕಡಿಮೆ. ಮಗಳಿಗೆ ಎಂ.ಎಸ್ಸಿ. ಓದೋ ಆಸೆ, ಅದಕ್ಕೆ ಡಿಗ್ರಿಯೇ ಬೇಕು. ನೀವೂ ಕಾಲೇಜಿನವರು ಹೇಳೋ ಸಂಬಳ ನಂಬದೆ, ಲ್ಯಾಬಿಗೇ ಹೋಗಿ ಕೇಳಿ.