ಆಫೀಸಿನ ಬಿಲ್ಲಿನಲ್ಲಿ ಬಿಯರ್

ಚೆನ್ನೈನ ಕೀಲ್ಪಾಕ್‌ನಲ್ಲಿ ರೂಮು ಮಾಡಿಕೊಂಡು ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಂಪೆನಿಯೊಂದಕ್ಕೆ ಸೇರಿದಾಗ ಎಚ್‌ಆರ್‌ನವರು ಸವಲತ್ತುಗಳ ಪಟ್ಟಿ ಕೊಟ್ಟರು. ಆರೋಗ್ಯ ವಿಮೆ, ರಾತ್ರಿ ಕ್ಯಾಬ್, ಪುಕ್ಕಟೆ ಊಟ, ಮೂರು ತಿಂಗಳಿಗೊಮ್ಮೆ ‘ಟೀಮ್ ಔಟಿಂಗ್’. ಕೊನೆಯದ್ದರ ಅರ್ಥ ಆಮೇಲೆ ಗೊತ್ತಾಯ್ತು.

ಮೊದಲ ಔಟಿಂಗ್ ಸಮುದ್ರದ ದಡದ ರೆಸಾರ್ಟಿನಲ್ಲಿ. ಎಲ್ಲರ ಕೈಯಲ್ಲೂ ಬಿಯರ್, ನನ್ನ ಕೈಯಲ್ಲಿ ಲೈಮ್ ಸೋಡಾ. “ಏನ್ ಭಾಯ್, ಒಂದು ಗ್ಲಾಸಿಗೆ ಏನಾಗುತ್ತೆ?” ಅಂತ ಮ್ಯಾನೇಜರ್ ನಗುತ್ತಾ ಕೇಳಿದರು. “ಬೇಡ ಸರ್” ಅಂದೆ, ಅಷ್ಟಕ್ಕೇ ಬಿಟ್ಟರು. ಯಾರೂ ಬಲವಂತ ಮಾಡಲಿಲ್ಲ, ಇದನ್ನು ಹೇಳಲೇಬೇಕು. ಒಂಬತ್ತು ಗಂಟೆಗೆ ನಾನು ಹೊರಟುಬಿಟ್ಟೆ. ಸೋಮವಾರ ಬಂದು ನೋಡಿದರೆ ಹೊಸ ಪ್ರಾಜೆಕ್ಟಿಗೆ ಯಾರ್‍ಯಾರು ಎಂಬುದು ಅವತ್ತು ರಾತ್ರಿಯೇ ತೀರ್ಮಾನವಾಗಿತ್ತು.

ತೊಡಕು ಇರುವುದು ಇಲ್ಲೇ. ವಿಮೆ ಎಲ್ಲರಿಗೂ ಒಂದೇ. ಕುಡಿತದ ಮೇಜು ಹಾಗಲ್ಲ. ಅಲ್ಲಿ ಬಾಸ್ ಜೊತೆ ಸಲುಗೆ ಬೆಳೆಯುತ್ತದೆ, ಯಾವ ಹುದ್ದೆ ಖಾಲಿಯಾಗಲಿದೆ ಎಂಬ ಸುದ್ದಿ ಸಿಗುತ್ತದೆ. ನಮ್ಮವರು ಮಾತ್ರ ಹೊರಗುಳಿಯುತ್ತಾರೆ ಅಂದುಕೊಂಡರೆ ತಪ್ಪು. ಮಗುವನ್ನು ಬಿಟ್ಟು ಬಂದ ತಾಯಿ, ಕುಡಿತ ಬಿಡಲು ಚಿಕಿತ್ಸೆ ಪಡೆಯುತ್ತಿರುವವನು, ರಾತ್ರಿ ಬೈಕಿನಲ್ಲಿ ಮನೆ ಸೇರಬೇಕಾದವನು, ಇವರೆಲ್ಲ ಬೇಗ ಎದ್ದು ಹೋಗುವವರೇ.

ಈ ಪದ್ಧತಿ ನಮಗೆ ಹೆಚ್ಚಾಗಿ ಬಂದದ್ದು ಅಮೆರಿಕದ ಸ್ಟಾರ್ಟಪ್‌ಗಳಿಂದ. ಅಲ್ಲೇ ಅದಕ್ಕೆ ಕಡಿವಾಣವೂ ಬಿತ್ತು. ಜೆನೆಫಿಟ್ಸ್ ಕಂಪೆನಿ 2016ರಲ್ಲಿ ಆಫೀಸಿನಲ್ಲಿ ಮದ್ಯ ನಿಷೇಧಿಸಿತು. ಊಬರ್‌ನಲ್ಲಿ ಲೈಂಗಿಕ ಕಿರುಕುಳದ ದೂರುಗಳೆದ್ದ ಮೇಲೆ 2017ರಲ್ಲಿ ಎರಿಕ್ ಹೋಲ್ಡರ್ ತಂಡ ಕೊಟ್ಟ ಶಿಫಾರಸುಗಳಲ್ಲಿ ಕಂಪೆನಿ ಖರ್ಚಿನ ಮದ್ಯಕ್ಕೆ ಮಿತಿ ಹಾಕುವುದೂ ಒಂದು.

ನಮ್ಮಲ್ಲಿ ಗಾಳಿ ಬೇರೆ ದಿಕ್ಕಿಗೆ. ಹರಿಯಾಣದ 2023ರ ಅಬಕಾರಿ ನೀತಿ, ಐದು ಸಾವಿರಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಆಫೀಸುಗಳಲ್ಲಿ ಬಿಯರ್, ವೈನ್ ಕೊಡಲು ದಾರಿ ಮಾಡಿತು. ಅದೇ ವರ್ಷ ತಮಿಳುನಾಡು ಸರ್ಕಾರ ಸಮ್ಮೇಳನ ಸಭಾಂಗಣ, ಮದುವೆ ಮಂಟಪಗಳಲ್ಲಿ ವಿಶೇಷ ಪರವಾನಗಿಯ ಮೇಲೆ ಮದ್ಯ ಬಡಿಸಲು ನಿಯಮ ತಿದ್ದಿತು. ಗಲಾಟೆ ಆದದ್ದೇ ಮದುವೆ ಮಂಟಪವನ್ನು ಕೈಬಿಟ್ಟಿತು. (2003ರಿಂದ ಚಿಲ್ಲರೆ ಮದ್ಯ ಮಾರುವುದೂ ಇಲ್ಲಿ ಸರ್ಕಾರದ ಟಾಸ್ಮಾಕ್ ಸಂಸ್ಥೆಯೇ!)

ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿಗಳು, ಅದರಲ್ಲೂ ಹುಡುಗಿಯರು, ಒಂದು ಕಾನೂನು ತಿಳಿದಿರಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ‘ಕೆಲಸದ ಸ್ಥಳ’ ಎಂದರೆ ಆಫೀಸಿನ ನಾಲ್ಕು ಗೋಡೆಯಷ್ಟೇ ಅಲ್ಲ. ಕೆಲಸದ ನಿಮಿತ್ತ ಹೋಗುವ ಜಾಗ, ಕಂಪೆನಿ ಕೊಡುವ ವಾಹನ ಕೂಡ ಅದರಲ್ಲಿ ಸೇರುತ್ತದೆ. ಕಂಪೆನಿಯೇ ಕರೆದೊಯ್ದ ಔಟಿಂಗ್‌ನಲ್ಲಿ ನಡೆದದ್ದನ್ನು “ಪಾರ್ಟಿಯಲ್ಲಿ ಆಗಿದ್ದು ಬಿಡಿ” ಅಂತ ತಳ್ಳಿಹಾಕಲು ಬರುವುದಿಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು.

ಕಳೆದ ಸಲ ಔಟಿಂಗನ್ನು ಮಧ್ಯಾಹ್ನಕ್ಕೆ ಇಡಿ ಅಂತ ಕೇಳಿದ್ದು ನಾನಲ್ಲ, ಎರಡು ವರ್ಷದ ಮಗುವಿರುವ ಸಹೋದ್ಯೋಗಿ. ಮ್ಯಾನೇಜರ್ ಸ್ವಲ್ಪ ಗೊಣಗಿ ಒಪ್ಪಿದರು. ಎಲ್ಲರೂ ಕೂತು ಬಿರಿಯಾನಿ ತಿಂದೆವು. ಬಿಲ್ಲು ಹಿಂದಿನದರ ಅರ್ಧವೂ ಆಗಿರಲಿಲ್ಲ.