ಗೋವಾಕ್ಕೆ ಹೋಗಿದ್ದು ಬೀಚ್ ನೋಡೋಕಲ್ಲ

‘ದೋಸ್ತರ ಜೋಡಿ ಗೋವಾಕ್ಕ ಹೊಂಟೇನಿ’ ಅಂತ ಮನೆಯಲ್ಲಿ ಸುಳ್ಳು ಹೇಳಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಬ್ಯಾಗಿನಲ್ಲಿದ್ದದ್ದು ಇಸ್ತ್ರಿ ಮಾಡಿದ ಅಂಗಿ, ಡಿಪ್ಲೊಮಾ ಮಾರ್ಕ್ಸ್ ಕಾರ್ಡು, ಆರು ವರ್ಷದ ಅನುಭವ ಪತ್ರ. ಹೊರಟಿದ್ದು ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ. ಅಂಟಾರ್ಕ್ಟಿಕಾ ಯಾತ್ರೆಗಳನ್ನು ನಡೆಸುವುದು ಅವರೇ.

ಅಲ್ಲೇನಿದ್ದರೂ ವಿಜ್ಞಾನಿಗಳಿಗೇ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಆದರೆ 1989ರಿಂದ ಇರುವ ಮೈತ್ರಿ, 2012ರಲ್ಲಿ ಶುರುವಾದ ಭಾರತಿ, ಎರಡರಲ್ಲೂ ವರ್ಷಪೂರ್ತಿ ಜನ ಇರುತ್ತಾರೆ. ಅವರಿಗೆ ಡಾಕ್ಟರು ಬೇಕು, ಅಡುಗೆಯವರು ಬೇಕು, ಮೆಕ್ಯಾನಿಕ್ ಬೇಕು. ಜನರೇಟರ್ ನಿಂತರೆ ಬೆಳಕೂ ಇಲ್ಲ, ಬಿಸಿಯೂ ಇಲ್ಲ. ನಾನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜನರೇಟರ್ ರಿಪೇರಿ ಮಾಡೋನು. ಯಾಕಾಗಬಾರದು?

ಒಳಗೆ ಮೂವರು ಕೂತಿದ್ದರು. ಮಾತೆಲ್ಲ ಹಿಂದಿ, ಇಂಗ್ಲಿಷ್. ಮೈನಸ್ ಮೂವತ್ತು ಡಿಗ್ರಿಯಲ್ಲಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಏನು ಮಾಡ್ತೀರಿ ಅಂದರು. ಚಳಿಗೆ ಡೀಸೆಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ, ಆಯಿಲ್ ಮಂದವಾಗುತ್ತೆ, ಬ್ಯಾಟರಿ ಬಲ ಕಳೆದುಕೊಳ್ಳುತ್ತೆ, ಮೊದಲು ಕೂಲಂಟ್ ಬಿಸಿ ಮಾಡಬೇಕು ಅಂದೆ. ‘ಇದು ಓದಿದ್ದು ಸರ್, ಕೈಯಾರೆ ಮಾಡಿದ್ದಲ್ಲ’ ಅಂತಲೂ ಸೇರಿಸಿದೆ. ಬೆಂಗಳೂರಲ್ಲಿ ಎಲ್ಲಿಂದ ಬರಬೇಕು ಮೈನಸ್ಸು! ಅಡುಗೆ ಬರುತ್ತಾ ಅಂತಲೂ ಕೇಳಿದರು. ಸರದಿಯ ಮೇಲೆ ಎಲ್ಲರೂ ಅಡುಗೆಮನೆಗೆ ಕೈ ಹಚ್ಚಬೇಕಂತೆ. ಜೋಳದ ರೊಟ್ಟಿ ಬಡೀತೀನಿ ಅಂದಾಗ ಮೂವರೂ ನಕ್ಕರು.

ಆಮೇಲೆ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು ಹೇಳಿದರು: ‘ಚಳಿಗಾಲ ಶುರುವಾದ ಮೇಲೆ ವಿಮಾನ ಇಲ್ಲ, ಹಡಗೂ ಇಲ್ಲ. ಮೈತ್ರಿಯಲ್ಲಿ ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟಲ್ಲ. ಆಗ ಮನೆಯಲ್ಲಿ ಏನಾದರೂ ಆದರೆ?’

‘ಮ್ಯಾನೇಜ್ ಮಾಡ್ತೀನಿ ಸರ್.’ ಕನ್ನಡಿ ಮುಂದೆ ಬಾಯಿಪಾಠ ಮಾಡಿದ್ದ ಉತ್ತರ.

‘ಮನೆಯವರು ಏನಂದರು?’

ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದೇವೆ. ಮನೆಯಲ್ಲಿ ದುಡಿಯೋನು ನಾನೊಬ್ಬನೇ. ಸುಳ್ಳು ನಾಲಿಗೆ ತುದಿವರೆಗೆ ಬಂದು ವಾಪಸ್ ಹೋಯಿತು. ‘ಹೇಳೇ ಇಲ್ಲ ಸರ್’ ಅಂದೆ.

ಅವರು ಬೈಯಲಿಲ್ಲ. ಹಾಳೆಯಲ್ಲಿ ಏನೋ ಬರೆದುಕೊಂಡು, ‘ಇವತ್ತೇ ಹೇಳಿ’ ಅಂದರು.

ವಾಸ್ಕೋ ಸ್ಟೇಷನ್ ಬೆಂಚಿನ ಮೇಲೆ ಕೂತು ಫೋನ್ ಮಾಡಿದೆ. ಅಪ್ಪ ಮೊದಲು ಕೇಳಿದ್ದು ‘ಪಗಾರ ಎಷ್ಟ?’ ಅಂತ. ಅವ್ವ ಫೋನ್ ಕಸಿದುಕೊಂಡಳು.

‘ಅಪ್ಪಗ ಏನರ ಆದ್ರ ಬರಾಕ ಆಗತೈತೇನು?’

‘ಇಲ್ಲವ್ವಾ.’

ರೈಲಿನ ಅನೌನ್ಸ್‌ಮೆಂಟ್ ಮುಗಿಯುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, ‘ನನಗ ಹೇಳದ ಹೋದಿ ನೋಡು, ಅದ ಸಂಕಟ’ ಅಂದಳು. ಹೋಗಬೇಡ ಅಂತ ಮಾತ್ರ ಅನ್ನಲಿಲ್ಲ.

ಮೂರು ವಾರಕ್ಕೆ ಮೇಲ್ ಬಂತು. ಇನ್ನೂ ಕೆಲಸ ಸಿಕ್ಕಿಲ್ಲ, ನೆನಪಿರಲಿ. ದೆಹಲಿಯಲ್ಲಿ ಮೆಡಿಕಲ್ ಇದೆ, ದೇಹದ್ದೂ ಮನಸ್ಸಿನದ್ದೂ. ಪಾಸಾದರೆ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ. ಅದೂ ಕಾಂಟ್ರಾಕ್ಟ್ ಕೆಲಸ; ವಾಪಸ್ ಬಂದ ಮೇಲೆ ಮತ್ತೆ ಕೆಲಸ ಹುಡುಕಬೇಕು.

ಮೇಲ್ ಓದಿ ಹೇಳಿದ ಮರುದಿನದಿಂದ ಅಪ್ಪ ಬೆಳಗ್ಗೆ ಐದೂವರೆಗೆ ಎದ್ದು ಉಣಕಲ್ ಕೆರೆ ಕಡೆ ವಾಕಿಂಗ್ ಹೊರಡುತ್ತಿದ್ದಾರೆ. ಎರಡು ವರ್ಷದಿಂದ ಡಾಕ್ಟರು ಹೇಳಿದರೂ ಹೋಗದಿದ್ದವರು. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಿಲ್ಲ.